ಮೂರು ಒಲಿಗಿ ಹದಿಮೂರು ಮಂದಿ

ನಾನು ಹುಟ್ಟಿದ್ದು ಜೇವರ್ಗಿ ತಾಲೂಕಿನ ಕೊಳಕೂರ ಬಾಜೂಕಿನ ಒಂದು ಸಣ್ಣ ಊರಾಗ. ಕೊಟ್ಟದ್ದು ಅಫಜಲಪುರಕ್ಕ. ನೌಕರಿ ಆಳಂದದಾಗ. ಮೂರೂ ಒಂದ ಗೆರಿ ಮ್ಯಾಲ ಬರೂದಿಲ್ಲ, ಹಿಂಗಾಗಿ ನನ್ನ ಅರ್ಧ ಆಯುಷ್ಯ ಕಲಬುರಗಿ ಬಸ್‌ಸ್ಟ್ಯಾಂಡಿನ್ಯಾಗ ಬೋರ್ಡ್ ನೋಡಕೋತ ನಿಲ್ಲೂದ್ರಾಗ ಹೋಗ್ಯಾದ. ಡಿಗ್ರಿ ಕಾಲೇಜಿನ್ಯಾಗ ಗಣಿತ ಕಲಿಸ್ತೇನಿ. ಸಿಟ್ಟು ಜರಾ ಹೆಚ್ಚು ಅಂತ ತವರಮನಿಯವರೂ ಹೇಳ್ತಾರ, ಗಂಡನ ಮನಿಯವರೂ ಹೇಳ್ತಾರ. ಅದು ಖರೆ ಅದ.

ನನ್ನ ಗಣಿತ ಯಾವುದು ಅಂತ ಯಾರರ ಕೇಳಿದ್ರ ಹಿಂಗ ಹೇಳ್ತೇನಿ. ಸಾಲ್ಯಾಗ ಕಲಿತ ಸಮತಲದಾಗ ಬಿಂದುಗಳಿಗಿ ಲೆಕ್ಕ ಇಲ್ಲ. ನಾನು ಕಲಿಸೂ ಸಮತಲದಾಗ ಒಂಬತ್ತ ಬಿಂದು. ಮೂರು ಸಾಲಿನ್ಯಾಗ ಮೂರಮೂರು ಚುಕ್ಕಿ, ಮುಗೀತು. ಅದರಾಗ ರೇಖೆ ಅಂದ್ರ ಮೂರು ಚುಕ್ಕಿ. ಕಾನೂನು ಒಂದ: ಯಾವ ಎರಡು ಚುಕ್ಕಿ ತಗೊಂಡ್ರೂ ಅವೆರಡೂ ಕೂಡಿ ಇರೂ ರೇಖೆ ಒಂದು ಇರಬೇಕು, ಒಂದಕ್ಕಿಂತ ಹೆಚ್ಚು ಇರಬಾರದು. ಇದಕ್ಕ ಪರಿಮಿತ ಸಮತಲ ಅಂತಾರ. ಚುಕ್ಕಿಗಳ ಜಾಗ ಅದಲುಬದಲು ಮಾಡಿದ ಮ್ಯಾಲೂ ರೇಖೆಗಳು ರೇಖೆಗಳಾಗೇ ಉಳದ್ರ ಅದು ಒಂದು ಸಮಮಿತಿ. ಈ ಒಂಬತ್ತು ಚುಕ್ಕಿಗಿ ಅಂಥಾ ಸಮಮಿತಿ ನಾಕನೂರಾ ಮೂವತ್ತೆರಡು ಅವ. ಯಾವ ಚುಕ್ಕಿಯೂ ದೊಡ್ಡದಲ್ಲ, ಯಾವುದೂ ಸಣ್ಣದಲ್ಲ, ಯಾವುದನ್ನ ಬೇಕಾದ್ರೂ ಯಾವುದರ ಜಾಗಕ್ಕ ಒಯ್ಯಬಹುದು. "ಚುಕ್ಕಿ ಎಣಸಾಕ ಸರ್ಕಾರ ನಿನಗ ಪಗಾರ ಕೊಡ್ತದಲ್ಲ, ಭಾಳ ಚೊಲೊ" ಅಂತ ನಮ್ಮನಿಯವರು ಚ್ಯಾಷ್ಟಿ ಮಾಡ್ತಾರ. ಮಾಡ್ಲಿ ಬಿಡ್ರಿ. ಹೊಲ ಅವರವು, ಚುಕ್ಕಿ ನನ್ನವು.

ಈಗ ಹೇಳೂದು ನಮ್ಮ ಮೈದುನನ ಮಗಳ ಮದುವಿ ರೊಟ್ಟಿ ಮಾತು.

ಅಫಜಲಪುರದ ನಮ್ಮ ಮನಿ ಅಂದ್ರ ನಾಕು ಮಂದಿ ಅಣ್ಣತಮ್ಮಂದಿರ ಮನಿ. ಆ ನಾಕೂ ಮಂದಿ ತೀರಿಕೊಂಡು ವರ್ಷಗಳಾದವು, ಅವರ ಹೆಂಡಂದ್ರು ನಾಕು ಮಂದಿ ಗಟ್ಟಿಮುಟ್ಟಾಗಿ ಅದಾರ. ಅವರೊಳಗ ಹಿರೇರು ನಮ್ಮತ್ತಿ. ಗ್ವಾಡಿ ನಾಕಾಗ್ಯಾವ, ಹಿತ್ತಲ ಒಂದ ಉಳದದ. ಆ ಹಿತ್ತಲದಾಗ ಮಣ್ಣಿನ ಮೂರು ಒಲಿ ಅವ. ದಿನದ ಅಡಿಗಿ ಎಲ್ಲಾರದೂ ಗ್ಯಾಸಿನ ಮ್ಯಾಲ, ಆದ್ರ ಮದುವಿ ಬಂತಂದ್ರ ಆ ಮೂರೂ ಒಲಿ ಸಾರಸಿ, ತೊಗರಿ ಕಟಗಿ ಒಟ್ಟಿ, ಖಡಕ್ ರೊಟ್ಟಿಗಿ ಕುಂದರ್ತೇವಿ. ಒಂದೊಂದು ಒಲಿಗಿ ಮೂರು ಮಂದಿ. ಒಬ್ಬಾಕಿ ಎಸರು ಹಾಕಿ ಹಿಟ್ಟು ನಾದೂದು, ಒಬ್ಬಾಕಿ ಬಡಿಯೂದು, ಒಬ್ಬಾಕಿ ಹಂಚಿನ ಮ್ಯಾಲ ಬೇಯಿಸೂದು. ಬಡಿಯಾಕಿಗಿ ಹೆಸರು ಬರ್ತದ, ನಾದಾಕಿಗಿ ರಟ್ಟಿ ನೋವು ಬರ್ತದ, ಬೇಯಿಸಾಕಿಗಿ ಕಣ್ಣಾಗ ಹೊಗಿ ಬರ್ತದ.

ಈ ರೊಟ್ಟಿಗಿ ನಮ್ಮ ಮನ್ಯಾಗ ಒಂದು ಕಟ್ಟುನಿಟ್ಟು ಅದ. ಮದುವಿ ರೊಟ್ಟಿಗಿ ಕೈ ಹಚ್ಚೂರು ಈ ಮನಿ ಹೊಸ್ತಿಲಾ ಸೊಸಿಯಾಗಿ ದಾಟಿ ಬಂದವರ ಆಗಬೇಕು. ಹೊರಗಿನ ಹೆಣಮಕ್ಕಳನ್ನ ಪಗಾರಕ್ಕ ಕರ್ಯೂದಿಲ್ಲ. ಮನಿ ಹೆಣಮಕ್ಕಳೂ ಕೈ ಹಚ್ಚೂದಿಲ್ಲ, ಅವರು ಬ್ಯಾರೆ ಮನಿ ರೊಟ್ಟಿ ಬಡಿಯೂರು ಅಂತ. ಯಾರು ಮಾಡಿದ್ರೋ, ಯಾಕ ಮಾಡಿದ್ರೋ, ಕೇಳಿದ್ರ "ಹಂಗ ನಡಕೊಂಡು ಬಂದದ" ಅಂತಾರ.

ನಮ್ಮತ್ತಿಗಿ ಮೂರು ಮಂದಿ ಗಂಡಮಕ್ಕಳು. ಸಣ್ಣವ ತೀರಿಕೊಂಡಾಗ ಅವನ ಮಗಳಿಗಿ ಹಾಲಹಲ್ಲು ಬೀಳಾಕತ್ತಿದ್ವು. ಆಮ್ಯಾಲ ಒಂದೆರಡು ವರ್ಷಕ್ಕ ಅವನ ಹೆಂಡ್ತಿ, ಅಂದ್ರ ನನ್ನ ಸಣ್ಣ ನೆಗೆಣ್ಣಿ, ಜೇವರ್ಗಿಯ ಒಬ್ಬ ಸಾಲಿ ಮಾಸ್ತರನ ಮದುವಿ ಆದ್ಲು. ಎಂಥಾ ಮನಿ ನಮ್ಮದು! ಮುಂಜಾನೆದ್ದು ಲಿಂಗಪೂಜಿ, ಬಾಯಿ ತೆರದ್ರ ಬಸವಣ್ಣ, ವಿಧವಾ ಮದುವಿ ತಪ್ಪಲ್ಲ ಅಂತ ಊರ ಮಂದಿಗೆಲ್ಲಾ ಬುದ್ಧಿ ಹೇಳೂ ಮನಿ. ಆದ್ರ ಸ್ವಂತ ಸೊಸಿ ಮಾಡಿಕೊಂಡಾಗ ಎಲ್ಲಾರ ಬಾಯಿಗೂ ಕೀಲಿ ಬಿತ್ತು. ಯಾರೂ ಬೈಲಿಲ್ಲ. "ಕೂಸು ನಮ್ಮದು, ಇಲ್ಲೇ ಇರ್ಲಿ" ಅಂದ್ರು. ಅಕಿ ಕೂಸಿನ್ನ ಬಿಟ್ಟು ಹೋದ್ಲು. ಆಮ್ಯಾಲ ಈ ಮನ್ಯಾಗ ಎಷ್ಟೋ ಮದುವಿ, ಎಷ್ಟೋ ಕುಬಸ ಆದವು. ಅಕಿಗಿ ಒಂದು ಫೋನ್ ಸೈತ ಹೋಗಲಿಲ್ಲ.

ಹುಡುಗಿ ಮೊದಲ ಸೂಟಿಗಿ ಜೇವರ್ಗಿಗಿ ಹೋಗತಿದ್ಲು. ಮೆಟ್ರಿಕ್ ಹೊತ್ತಿಗಿ ಅದೂ ನಿಲ್ಲಿಸಿದ್ಲು. ಯಾಕಂತ ಕೇಳಿದ್ರ "ಸುಮ್ನ" ಅಂತಿದ್ಲು. ಅವ್ವ ಫೋನ್ ಮಾಡಿದ್ರ "ಹಾಂ, ಹೂಂ, ಊಟ ಆತು" ಇಷ್ಟರಾಗ ಮುಗಿಸತಿದ್ಲು. ಅವ್ವ ಅಂತ ಕರಿಯೂದನ್ನ ಸೈತ ಬಿಟ್ಟಿದ್ಲು, ಏನೂ ಹೆಸರು ಹಿಡೀದೆ ಮಾತಾಡತಿದ್ಲು. ಈಗ ಅಕಿ ಬಿ.ಎಡ್. ಮುಗಿಸ್ಯಾಳ, ಕಿಣ್ಣಿ ಸುಲ್ತಾನದ ಒಂದು ಚೊಲೊ ಮನ್ಯಾಗ ಮದುವಿ ಗಟ್ಟಿ ಆತು. ಗಟ್ಟಿ ಆದ ದಿನ ನನ್ನ ತಲ್ಯಾಗ ಒಂದ ಮಾತು ಕೊರ್ಯಾಕತ್ತಿತು. ಹಡದಾಕಿ ಈ ಮದುವಿಗಿ ಬರ್ತಾಳೋ ಇಲ್ಲೋ? ಬಂದ್ರೂ ಮಂಟಪದಾಗ ಹಿಂದಿನ ಕುರ್ಚಿ ಮ್ಯಾಲ ಬೀಗರಂಗ ಕುಂತು ಉಂಡು ಹೋಗೂದೋ, ಅಥವಾ ಮಗಳ ರೊಟ್ಟಿಗಿ ಕೈ ಹಚ್ಚೂದೋ?

ಹ್ಯಾಂಗ ಸುರು ಮಾಡಬೇಕಂತ ವಿಚಾರ ಮಾಡಾಕತ್ತಿದ್ದೆ. ಅಷ್ಟರಾಗ ಅತ್ತೀನ ದಾರಿ ಮಾಡಿಕೊಟ್ರು.

ಹಿಂದಿನ ಮದುವ್ಯಾಗ ರೊಟ್ಟಿ ಬಡಿಯೂ ಹೊತ್ತಿನ್ಯಾಗ ದೊಡ್ಡ ತಕರಾರ ಆಗಿತ್ತು. ಬೇಕಾದವರು ಬೇಕಾದವರ ಕೂಡ ಕುಂತು ಹರಟಿ ಹೊಡದ್ರು, ಒಂದಿಬ್ಬರು ಮೂಲ್ಯಾಗಿನ ಒಲಿಗಿ ಬಿದ್ದು ಮಾರಿ ಉಬ್ಬಿಸಿಕೊಂಡ್ರು, ಮದುವಿ ಮುಗದ ಮ್ಯಾಲೂ ಆ ಸಿಟ್ಟು ವಾಟ್ಸ್ಯಾಪಿನ್ಯಾಗ ಹೊಗಿ ಆಡತಿತ್ತು. ಅತ್ತಿ ನನಗ ಫೋನ್ ಹಚ್ಚಿ, "ಏನಬೇ ಮಾಸ್ತರಬಾಯಿ, ಅಷ್ಟು ಲೆಕ್ಕ ಕಲ್ತೀದಿ, ಯಾರೂ ಬಾಯಿ ತಗೀಬಾರ್ದು ಹಂಗ ಒಂದು ಪಾಳಿ ಮಾಡಿ ಕೊಡು. ಒಬ್ಬಾಕಿ ಕೂಡ ಒಬ್ಬಾಕಿ ಕುಂದರಲಿಲ್ಲ ಅಂತ ಯಾರೂ ಅನಬಾರ್ದು, ಒಬ್ಬಾಕಿ ಕೂಡೇ ದಿನಾ ಕುಂದ್ರಸ್ಯಾರ ಅಂತಾನೂ ಅನಬಾರ್ದು" ಅಂದ್ರು.

ಮನಸಿನ್ಯಾಗ ಕುಣದುಬಿಟ್ಟೆ. ಅತ್ತಿ ಕೇಳಿದ್ದು ನಾನು ಇಪ್ಪತ್ತು ವರ್ಷದಿಂದ ಹಲಗಿ ಮ್ಯಾಲ ಬರಿಯೂದನ್ನ. ಎಲ್ಲಾ ಇಬ್ಬಿಬ್ಬರೂ ಒಂದ ಸಲ ಕೂಡಬೇಕು, ಒಂದ ಸಲ ಮಾತ್ರ.

ಸೂಟಿ ಹಾಕಿ ಅಫಜಲಪುರಕ್ಕ ಹೋದೆ. ಹಿತ್ತಲದಾಗ ಅತ್ತಿ ಹಗ್ಗದ ಬಾಜಿ ಮ್ಯಾಲ ಕಾಲು ಇಳಿಬಿಟ್ಟು ಕುಂತಿದ್ರು. ಅವರ ಮುಂದ ರಂಗೋಲಿ ಪುಡಿಲೆ ಒಂಬತ್ತು ಚುಕ್ಕಿ ಇಟ್ಟೆ. ಅಡ್ಡ ಮೂರು ಗೆರಿ ಎಳದು, "ಇದು ಮೊದಲ ದಿನ್ರಿ. ಮೂರು ಗೆರಿ ಅಂದ್ರ ಮೂರು ಒಲಿ" ಅಂದೆ. ಉದ್ದ ಮೂರು ಗೆರಿ, ಅದು ಎರಡನೇ ದಿನ. ಮೂಲಿಗಿ ವಾರಿಯಾಗಿ ಈ ಕಡಿ ಮೂರು, ಆ ಕಡಿ ಮೂರು, ಅವು ಮೂರನೇ ನಾಕನೇ ದಿನ. ವಾರಿ ಗೆರಿ ಅಂಚಿನಿಂದ ಹೊರಗ ಬಿದ್ರ ಎದುರಿನ ಅಂಚಿನಿಂದ ಒಳಗ ಬರ್ತದ, ಅದನ್ನ ತಿಳಿಸಿ ಹೇಳೂದ್ರಾಗ ಜರಾ ಹೊತ್ತು ಹೋತು. ನಾಕು ದಿನದಾಗ ಎಲ್ಲಾರೂ ಎಲ್ಲಾರ ಕೂಡ ಒಂದೊಂದ ಸಲ. ಅತ್ತಿ ಬೆರಳಲೆ ಇಬ್ಬಿಬ್ಬರನ್ನ ಹಿಡದು ಹಿಡದು ನೋಡಿದ್ರು. ತಪ್ಪು ಸಿಗಲಿಲ್ಲ.

"ಚೊಲೊ ಆಗ್ಯಾದ. ಆದ್ರ ಒಂಬತ್ತು ಯಾಕ ಇಟ್ಟೀದಿ? ನಾಕೂ ಮನಿ ಸೊಸೆಂದ್ರು ಕೂಡಿ ಎಂಟು ಮಂದಿ ಅದೀರಿ."

"ಎಂಟಕ್ಕ ಕೂಡೂದಿಲ್ರಿ ಅತ್ತಿ. ಒಂದು ಚುಕ್ಕಿ ಅಳಿಸಿದ್ರ ದಿನಾ ಒಂದು ಒಲಿಗಿ ಇಬ್ಬರ ಉಳೀತಾರ. ನಾದಿದ್ರ ಬೇಯಿಸೂರಿಲ್ಲ, ಬೇಯಿಸಿದ್ರ ನಾದೂರಿಲ್ಲ."

"ಹಂಗಾದ್ರ ಬಾಜೂ ಮನ್ಯಾಕೀನ್ನ ಕರೀ."

"ಅಕಿ ಈ ಮನಿ ಹೊಸ್ತಿಲಾ ಸೊಸಿಯಾಗಿ ದಾಟಿ ಬಂದಾಳೇನ್ರಿ?"

ಅತ್ತಿ ನನ್ನ ಮಾರಿ ನೋಡಿದ್ರು. ಅವರೇನು ಹುಚ್ಚರಲ್ಲ. ಒಂಬತ್ತನೇದಾಕಿ ಯಾರಂತ ನಾನು ಹೇಳೂಕಿಂತ ಮೊದಲ ಅವರಿಗಿ ತಿಳದಿತ್ತು.

"ಅಕಿ ಹೊಸ್ತಿಲಾ ದಾಟಿ ಹೋದಾಕಿ" ಅಂದ್ರು.

"ದಾಟಿ ಬಂದಿದ್ಲೋ ಇಲ್ಲೋ? ಬಂದವರು ಅಂತ ಅದ ನಿಮ್ಮ ಕಟ್ಟುನಿಟ್ಟು. ಹೋದವರಿಗಿ ಕೈ ಹಚ್ಚಾಕ ಬಿಡಬಾರ್ದು ಅಂತ ಅದರಾಗ ಎಲ್ಲಿ ಅದ ತೋರಸ್ರಿ ನೋಡೂಣು."

ದನಿ ಜರಾ ಏರಿತ್ತು ನಂದು. ಅತ್ತಿ ಎದ್ದು ಒಳಗ ಹೋದ್ರು.

ಮರುದಿನ ಮುಂಜಾನಿ ನೋಡ್ತೇನಿ, ಅತ್ತಿ ಅವ ಚುಕ್ಕಿಗಳ ಮುಂದ ಕುಂತಾರ. ಒಂದೊಂದು ಚುಕ್ಕಿ ಮ್ಯಾಲ ಒಂದೊಂದು ಕಾಳು ಇಟ್ಟಾರ, ತೊಗರಿ, ಕಡ್ಲಿ, ಶೇಂಗಾ, ಹಿಂಗ ಒಬ್ಬೊಬ್ಬ ಸೊಸಿಗಿ ಒಂದು. ಒಂಬತ್ತನೇದಾಕಿಗಿ ಒಂದು ಹುಣಸಿ ಬೀಜ. ಅದನ್ನ ಅಲ್ಲಿಂದ ಇಲ್ಲಿಗಿ, ಇಲ್ಲಿಂದ ಅಲ್ಲಿಗಿ ಸರಸಾಕತ್ತಾರ. ನನ್ನ ಎದಿ ಹಗುರಾತು. ಬ್ಯಾಡ ಅನ್ನೂ ಮನಸಿದ್ರ ಹುಣಸಿ ಬೀಜ ಯಾಕ ಇಡತಿದ್ರು?

"ಎಲ್ಲಾ ಸರಿ, ನಾವು ನಾಕು ಮಂದಿ ಹಿರೇರು ಎಲ್ಲಿ ಕುಂದರೂದು? ಬರೇ ಬಾಜಿ ಮ್ಯಾಲ ಕುಂತು ನೋಡೂದೇನು?" ಅಂದ್ರು.

ಅದಕ್ಕೂ ಗಣಿತದಾಗ ದಾರಿ ಅದ. ಒಂದ ದಿನದ ಮೂರೂ ಗೆರಿ ಸಮಾಂತರ, ಎಲ್ಲೂ ಕೂಡೂದಿಲ್ಲ. ಅವು ದೂರ ಎಲ್ಲೋ ಹೋಗಿ ಒಂದು ಬಿಂದುವಿನ್ಯಾಗ ಕೂಡ್ತಾವ ಅಂತ ತಿಳಕೊಂಡು, ದಿನಕ್ಕೊಂದರಂಗ ನಾಕು ಹೊಸ ಬಿಂದು ಹೊರಗ ಇಡತೇವಿ. ಅವಕ್ಕ ಅನಂತದ ಬಿಂದು ಅಂತಾರ. ಆ ನಾಕೂ ಕೂಡಿದ್ರ ಮತ್ತೊಂದು ರೇಖೆ ಆಗ್ತದ. ಹದಿಮೂರು ಬಿಂದು, ಹದಿಮೂರು ರೇಖೆ, ಒಂದೊಂದು ರೇಖೆಗಿ ನಾಕು ಬಿಂದು. ಹಿಂಗ ಹಿಗ್ಗಿಸಿದ್ದಕ್ಕ ಪ್ರಕ್ಷೇಪ ಸಮತಲ ಅಂತ ಹೆಸರು. ನಾನು ಚುಕ್ಕಿಗಳ ಸುತ್ತ ನಾಕು ಅಡಕಿ ಇಟ್ಟೆ. "ದಿನಾ ಒಬ್ಬೊಬ್ಬ ಹಿರೇರು ಮೂರೂ ಒಲಿ ನೋಡಿಕೊಳ್ರಿ. ಎಸರು ಕೊಡೂದು, ರೊಟ್ಟಿ ಆರಿಸೂದು, ತಪ್ಪಿದ್ರ ಬೈಯೂದು. ಐದನೇ ದಿನ ಒಂದ ಒಲಿ ಹಚ್ಚಿ ನೀವು ನಾಕೂ ಮಂದೀನ ಕುಂತು ಕಡೀ ರೊಟ್ಟಿ ಬಡದು ಬುಟ್ಟಿ ಮುಚ್ಚರಿ. ಹದಿಮೂರು ಮಂದ್ಯಾಗ ಎಲ್ಲಾರೂ ಎಲ್ಲಾರ ಕೂಡ ಒಂದೊಂದ ಸಲ ಕೂಡಿದಂಗಾತು."

ಅತ್ತಿ ತಮ್ಮ ಅಡಕಿ ಹಿಡದು ವಿಚಾರ ಮಾಡಿದ್ರು. "ಹಂಗಾದ್ರ ನನ್ನ ದಿನ ಅಕೀನೂ ಇರ್ತಾಳ."

"ಹೌದ್ರಿ. ಯಾವ ದಿನ ತಗೊಂಡ್ರೂ ಒಂಬತ್ತೂ ಮಂದಿ ಇರ್ತಾರ."

"ನನ್ನ ಹೊರಗಿಂದ ತಗದು ಒಳಗ ಇಡು. ಬ್ಯಾರೆ ಯಾರನ್ನರ ಹೊರಗ ಇಡು."

ನಾನು ಹುಣಸಿ ಬೀಜ ಹೊರಗಿಟ್ಟು ಅವರ ಅಡಕಿ ಒಳಗಿಟ್ಟೆ. ಉಳದವನ್ನ ಅದಕ್ಕ ತಕ್ಕಂಗ ಸರಿಸಿದೆ. ಪ್ರಕ್ಷೇಪ ಸಮತಲದ ಮಜಾ ಇರೂದ ಇಲ್ಲಿ. ಹೊರಗಿನ ರೇಖೆ ಅಂತ ನಾವು ಇಟ್ಟದ್ದು, ಇಟ್ಟ ಮ್ಯಾಲ ಉಳದ ರೇಖೆಗಳಂಗ ಒಂದು ರೇಖೆ. ಯಾವ ನಾಕು ಮಂದಿ ರೇಖೆ ಬೇಕಾದ್ರೂ ಹೊರಗಿನದು ಅಂತ ಹಿಡೀಬಹುದು, ಉಳದ ಒಂಬತ್ತು ಮತ್ತ ಮೂರಮೂರಾಗಿ ಕುಂದರ್ತಾವ. ಸಮಮಿತಿಗಳು ನಾಕನೂರಾ ಮೂವತ್ತೆರಡರಿಂದ ಐದು ಸಾವಿರದ ಆರನೂರಾ ಹದಿನಾರಕ್ಕ ಏರ್ತಾವ.

"ಏನಿದು? ಅಕೀನ್ನ ಅತ್ತಿ ಮಾಡಿ ನನ್ನ ಸೊಸಿ ಮಾಡಿದಿ?"

"ಲೆಕ್ಕದಾಗ ಅತ್ತಿ ಸೊಸಿ ಅಂತ ಇಲ್ರಿ. ಎಲ್ಲಾರೂ ಬರೋಬರಿ."

"ಮತ್ತ ಅಕಿ ನನ್ನ ಕೂಡ ಕುಂದರೂದು ತಪ್ಪತೇನು?"

"ಇಲ್ರಿ. ಐದು ಸಾವಿರ ಥರಾ ಸರಿಸಿದ್ರೂ ತಪ್ಪೂದಿಲ್ಲ."

ಅತ್ತಿ ಸೆರಗಲೆ ಬಾಯಿ ಮುಚ್ಚಿಕೊಂಡ್ರು. ನಗತಾರೋ ಸಿಟ್ಟಿಗೆದ್ದಾರೋ ತಿಳೀಲಿಲ್ಲ. ಕಡೀಕ, "ನಿನ್ನ ಲೆಕ್ಕ ನನಗ ಅರ್ಧಾ ತಿಳೀತು, ಅರ್ಧಾ ಇಲ್ಲ. ಯಾ ಕಡಿಂದ ನೋಡಿದ್ರೂ ಅಕಿ ಬಂದು ನನ್ನ ಮುಂದ ಕುಂದರ್ತಾಳ ಅಂತೀದಿ. ಕರೀ ಹೋಗು. ನಾನರ ಎಷ್ಟು ದಿನ ತಡೀಲಿ" ಅಂದ್ರು. ಹುಣಸಿ ಬೀಜ ಮತ್ತ ಒಳಗ ಇಟ್ಟು, ತಮ್ಮ ಅಡಕಿ ಹೊರಗ ಇಟ್ಟಕೊಂಡ್ರು. ಅತ್ತಿ ಅತ್ತೀನ ಇರಬೇಕಲ್ಲ.

ಮುಂದಿನ ಐತವಾರ ನಾನ ಜೇವರ್ಗಿಗಿ ಹೋದೆ. ಎರಡು ಖೋಲಿ ಮನಿ, ಅಂಗಳದಾಗ ಒಂದು ಕರಿಬೇವಿನ ಗಿಡ. ಮಾಸ್ತರ ಭಾಳ ಸಂಕೋಚದ ಮನಷ್ಯಾ, "ಬರ್ರಿ ಅಕ್ಕಾರ" ಅಂತ ಕುರ್ಚಿ ಹಾಕಿ, ಹಾಲು ತರ್ತೇನಿ ಅಂತ ಹೊರಗ ಹೋಗಿಬಿಟ್ರು. ನಾನು ಸುದ್ದಿ ಹೇಳಿದೆ. ನೆಗೆಣ್ಣಿ ಕೇಳಿದ್ಲು.

"ಮಗಳು ಕರದಾಳೇನ್ರಿ ಅಕ್ಕಾ?"

"ಮನಿ ಕರದದ. ಅತ್ತಿ ಕರದಾರ."

"ಅಕಿಗಿ ಗೊತ್ತದಿಲ್ರಿ?"

"ಗೊತ್ತದ. ಬ್ಯಾಡ ಅಂದಿಲ್ಲ."

ಅದು ಖರೆ. ನಾನು ಹುಡುಗಿಗಿ ಹೇಳಿದಾಗ ಅಕಿ ಮೊಬೈಲಿನಿಂದ ತಲಿ ಎತ್ತಿ, "ಬರ್ಲಿ ದೊಡ್ಡವ್ವಾ, ನಂದೇನದ" ಅಂತಷ್ಟ ಅಂದಿದ್ಲು. ಅದನ್ನ ನೆಗೆಣ್ಣಿ ಮುಂದ ಹೇಳಾಕ ನನಗ ಧೈರ್ಯ ಆಗಲಿಲ್ಲ. ಅಕಿ ಕಣ್ಣು ಒರಸಿಕೊಂಡು, "ಬರ್ತೇನ್ರಿ. ಹಿಟ್ಟು ನಾದಾಕ ಕೂಡಿಸಿದ್ರೂ ಬರ್ತೇನಿ, ಹೊಗ್ಯಾಗ ಕೂಡಿಸಿದ್ರೂ ಬರ್ತೇನಿ" ಅಂದ್ಲು.

ರೊಟ್ಟಿ ಬಡಿಯೂ ಮೊದಲ ದಿನ ಅಕಿ ಹಿತ್ತಲ ಬಾಗಲದಿಂದ ಒಳಗ ಬಂದ್ಲು, ಮುಂದಿನ ಬಾಗಲಾ ತೆರದಿದ್ರೂ. ನಾನು ಬೈದು ತಿರುಗಿ ಕಳಿಸಿದೆ. ಮುಂದಿನಿಂದ ಬಾ, ಕಳ್ಳತನಕ್ಕ ಬಂದೀಯೇನು ಅಂದೆ. ಅಕಿ ಸುತ್ತು ಹಾಕಿ ಮುಂದಿನಿಂದ ಬಂದ್ಲು. ಆ ದಿನ ಅಕಿ ಒಲಿ ಮ್ಯಾಲ ಯಾರೂ ಹೆಚ್ಚು ಮಾತಾಡಲಿಲ್ಲ. ಹಿಟ್ಟು ಕೊಡು, ನೀರು ಕೊಡು, ಕಟಗಿ ಮುಂದ ಸರಿಸು, ಇಷ್ಟ. ಆದ್ರ ಅಕಿ ಕೈ ಅದಲ್ಲ, ಅದು ಎಲ್ಲಾರ ಬಾಯಿ ಬಿಡಿಸಿತು. ಪರಾತದಾಗ ರೊಟ್ಟಿ ತಿರುಗಿಸೂದು ಕಾಣೂದಿಲ್ಲ, ಸಪ್ಪಳ ಅಷ್ಟ ಕೇಳಿಸ್ತದ, ಹಪ್ಪಳದಂಗ ತೆಳ್ಳಗ ಬರ್ತದ. ಎರಡನೇ ದಿನ ನನ್ನ ಕೂಡ ಕುಂತ ಹೊತ್ತಿನ್ಯಾಗ ಬಾಜೂ ಒಲಿಯಿಂದ ಒಬ್ಬಾಕಿ, "ನಿನ್ನ ಕೈ ಇನ್ನಾ ಹಂಗ ಅದ ನೋಡು" ಅಂದ್ಲು. ಮೂರನೇ ದಿನ ಜೇವರ್ಗ್ಯಾಗ ಬಾಡಿಗಿ ಎಷ್ಟು, ಮಾಸ್ತರ್ಗಿ ಬೀಪಿ ಅದೇನು ಅಂತ ಕೇಳಿದ್ರು. ಹಿಂದಿನ ಮದುವ್ಯಾಗ ಮಾರಿ ಉಬ್ಬಿಸಿಕೊಂಡಿದ್ದ ಇಬ್ಬರೂ ಪಾಳಿ ಪ್ರಕಾರ ಒಂದ ಒಲಿಗಿ ಬಂದು, ಬ್ಯಾರೆ ದಾರಿ ಇಲ್ಲದ, ನಕ್ಕೋತ ಎದ್ರು. ನಾನು ಅಡ್ಡಾಡಿ ಅಡ್ಡಾಡಿ ನೋಡಿದೆ. ನನಗೇನು ಕಮ್ಮಿ ಸೊಕ್ಕು ಬಂದಿರಲಿಲ್ಲ. ಸಮತಲ ಹಿತ್ತಲದಾಗ ಎದ್ದು ಓಡ್ಯಾಡಾಕತ್ತಿತ್ತು.

ನಾಕನೇ ದಿನ ಅತ್ತಿ ಪಾಳಿ. ಎಲ್ಲಾರೂ ವಾರೆಗಣ್ಣಲೆ ನೋಡಾಕತ್ತಿದ್ರು. ಅತ್ತಿ ಒಲಿಯಿಂದ ಒಲಿಗಿ ಹೋಗಿ ರೊಟ್ಟಿ ಬೆಳಕಿಗಿ ಹಿಡದು ನೋಡಿ ಬುಟ್ಟಿಗಿ ಹಾಕತಿದ್ರು. ನೆಗೆಣ್ಣಿ ಆ ದಿನ ಬೇಯಿಸೂ ಜಾಗಾದಾಗ ಇದ್ಲು. ಅತ್ತಿ ಅಕಿ ಮುಂದ ಭಾಳ ಹೊತ್ತು ನಿಂತ್ರು. ಎಲ್ಲಾರ ಪರಾತದ ಸಪ್ಪಳ ನಿಂತುಬಿಟ್ಟಿತು.

"ಹೊತ್ತಿಸ್ತಿ ನೋಡು. ಎಲ್ಲಿ ಅದ ಲಕ್ಷ್ಯ?" ಅಂದ್ರು, ಅಷ್ಟ. ಮುಂದಿನ ಒಲಿಗಿ ಹೋದ್ರು. ಇಷ್ಟು ವರ್ಷದ ಮ್ಯಾಲ ಸೊಸಿ ಕೂಡ ಆಡಿದ ಮೊದಲ ಮಾತು ಇದು. ನನಗ ಮೈ ಉರೀತು, ಆದ್ರ ಪಾಳಿ ಕೆಡಬಾರದು ಅಂತ ನನ್ನ ರೊಟ್ಟಿ ಬಡಕೋತ ಕುಂತೆ.

ಮಧ್ಯಾಹ್ನ ಒಲಿ ಆರಿದವು. ಸೊಸೆಂದ್ರ ಪಾಳಿ ಮುಗೀತು. ನಾನು ನೆಗೆಣ್ಣಿ ಬಾಜೂಕ ನಿಂತು ಕೈ ತೊಳಕೊಳ್ಳಾಕತ್ತಿದ್ದೆ, "ನೋಡು, ಹನ್ನೆರಡು ಮಂದಿ ಕೂಡಾನೂ ಕುಂತಿ, ಒಬ್ಬರೂ ತಪ್ಪಲಿಲ್ಲ" ಅಂದೆ. ಅಕಿ ನೀರಾಗ ಕೈ ಇಟ್ಟುಕೊಂಡ, ತಲಿ ಎತ್ತಲಾರದ ಕೇಳಿದ್ಲು.

"ಅಕ್ಕಾ, ನನ್ನ ಮಗಳ ಪಾಳಿ ಯಾವತ್ತು ಅದ್ರಿ?"

ಮಗಳ ಪಾಳಿ ಎಲ್ಲೂ ಇರಲಿಲ್ಲ. ಸೊಸೆಂದ್ರ ಮಾತ್ರ ಕುಂದರಬೇಕು ಅನ್ನೂ ಯಾವ ಕಟ್ಟುನಿಟ್ಟು ಹಿಡದು ನಾನು ಅವ್ವನ್ನ ಒಳಗ ತಂದಿದ್ದೆನೋ, ಅದ ಕಟ್ಟುನಿಟ್ಟು ಮಗಳನ್ನ ಹೊರಗ ಇಟ್ಟಿತ್ತು. ನಾಕೂ ದಿನ ಹುಡುಗಿ ನಡುಮನ್ಯಾಗ ಬ್ಲೌಸ್ ಅಳತಿ, ಮೆಹಂದಿ ಡಿಸೈನ್ ಅಂತ ಕುಂತಿದ್ಲು. ಹಿತ್ತಲಕ್ಕ ಬರಲಿಲ್ಲ. ಅವ್ವ ಎಲ್ಲಿ ಲಕ್ಷ್ಯ ಇಟ್ಟು ರೊಟ್ಟಿ ಹೊತ್ತಿಸಾಕತ್ತಿದ್ಲು ಅನ್ನೂದು ನನಗ ಆಗ ತಿಳೀತು. ಅತ್ತಿ ಮುಂಜಾನೇನ ನೋಡಿದ್ರು. ನಾನು ಗೆರಿ ಎಣಸಾಕತ್ತಿದ್ದೆ. ಮತ್ತ ಹದಿಮೂರಕ್ಕ ಹದಿನಾಕನೇದು ಸೇರಿಸಾಕ ಬರೂದಿಲ್ಲ. ತುಂಬಿದ ಸಮತಲ ಅದು, ಒಂದು ಚುಕ್ಕಿ ಹೆಚ್ಚಿಗಿ ಇಟ್ರ ಕಾನೂನು ಮುರೀತದ. "ಮಂಟಪದಾಗ ಮಾತಾಡಸೀಯಂತ" ಅಂದೆ, ಎಂಥಾ ಹುಚ್ಚು ಮಾತು ಅದು. ಅಕಿ "ಹೂಂನ್ರಿ" ಅಂದ್ಲು. ಆ ಸಂಜಿ ಮಂದಿ ಮ್ಯಾಲ ಸುಮ್ಮಸುಮ್ಮನ ಸಿಟ್ಟಿಗೆದ್ದು, ನಮ್ಮನಿಯವರು ಚಾ ಆರ್ಯಾದ ಅಂದಿದ್ದಕ್ಕ ಅವರಿಗೂ ಬೈದೆ.

ಐದನೇ ದಿನ ನಡುವಿನ ಒಲಿ ಒಂದ ಹಚ್ಚಿದ್ವಿ. ನಾಕೂ ಮಂದಿ ಹಿರೇರು ಕುಂತ್ರು. ನಮ್ಮತ್ತಿ ಬಡಿಯೂ ಜಾಗಾದಾಗ, ಅವರ ನೆಗೆಣ್ಣೇರು ಮೂರು ಮಂದಿ ನಾದಾಕ, ಬೇಯಿಸಾಕ, ಕಟಗಿ ಒಟ್ಟಾಕ. ನಾವು ಸೊಸೆಂದ್ರೆಲ್ಲಾ ಸುತ್ತ ನಿಂತಿದ್ವಿ, ಮೊಬೈಲಿನ್ಯಾಗ ವಿಡಿಯೋ ತಗಿಯೂರು ತಗ್ಯಾಕತ್ತಿದ್ರು. ಅತ್ತಿ ಒಂದು ರೊಟ್ಟಿ ಬಡದು ಹಂಚಿಗಿ ಕೊಟ್ರು. ಆಮ್ಯಾಲ ಮೊಳಕಾಲ ಹಿಡಕೊಂಡು ಎದ್ದುಬಿಟ್ರು. ನಾದಾಕತ್ತಿದ್ದ ತಮ್ಮ ನೆಗೆಣ್ಣಿಗಿ, "ಏಳಬೇ, ಜಾಗಾ ಖಾಲಿ ಮಾಡು" ಅಂದ್ರು. ನಡುಮನಿ ಕಡಿ ತಿರುಗಿ ದನಿ ಎತ್ತಿದ್ರು.

"ಏ ಹುಡುಗೀ, ಬಾ ಇಲ್ಲಿ."

ಹುಡುಗಿ ಬಂದು ಬಾಗಲದಾಗ ನಿಂತ್ಲು. "ಏನಾಯೀ?"

"ಕೈ ತೊಳಕೊಂಡು ಕುಂದರು. ಬಡಿ."

ಹಿರೇರೊಳಗ ಒಬ್ಬರು, "ಅಕ್ಕಾ, ಮನಿ ಮಗಳು ಕೈ ಹಚ್ಚಬಾರ್ದಲ್ರಿ" ಅಂದ್ರು. ಅತ್ತಿ ನನ್ನ ಕಡಿ ನೋಡಿದ್ರು.

"ನಿನ್ನ ಲೆಕ್ಕ ಏನಂತದಬೇ?"

"ಕೆಡ್ತದ್ರಿ ಅತ್ತಿ."

"ಕೆಡ್ಲಿ ಬಿಡು."

ಆಮ್ಯಾಲ ನನ್ನ ಸಣ್ಣ ನೆಗೆಣ್ಣಿಗಿ, "ನೀ ಏನು ಗ್ವಾಡಿಗಿ ಆನಿಕೊಂಡು ನಿಂತಿ? ನಿನ್ನ ಮಗಳ ಮದುವಿ ಅದ. ನಾದು" ಅಂದ್ರು. ಅಕಿ ಬಂದು ಪರಾತದ ಮುಂದ ಕುಂತ್ಲು. ಹಿಟ್ಟಿಗಿ ಎಸರು ಹಾಕೂ ಅಂದಾಜ ತಪ್ಪಿತು. ನಾಕು ದಿನದಾಗ ಒಂದು ಸಲಾನೂ ತಪ್ಪಿರಲಿಲ್ಲ ಅದು. ಹುಡುಗಿ ಅಕಿ ಎದುರಿಗಿ ಕುಂತು ಉಂಡಿ ತಗೊಂಡು ಬಡ್ಯಾಕ ಸುರು ಮಾಡಿದ್ಲು. ಅಕಿಗಿ ಬರೂದಿಲ್ಲ. ಆಯಿ ಮುದ್ದು ಮಾಡಿ ಓದಸ್ಯಾರ, ರೊಟ್ಟಿ ಕಲಿಸಿಲ್ಲ. ಅಂಚು ಒಡೀತು. ಕೂಡಿಸಿ ಮತ್ತ ಬಡದ್ಲು, ಮತ್ತ ಒಡೀತು. ಯಾರೂ ನಗಲಿಲ್ಲ, ವಿಡಿಯೋ ತಗಿಯೂರು ಸೈತ ಮೊಬೈಲ್ ಇಳಿಸಿದ್ರು.

ಯಾರನ್ನ ಯಾರ ಜಾಗಾದಾಗ ಕೂಡಿಸಿದ್ರೂ ಫರಕ್ ಬೀಳೂದಿಲ್ಲ ಅಂತ ಪ್ರತಿ ವರ್ಷಾ ಹುಡುಗರಿಗಿ ಹೇಳಿಕೊಡಾಕಿ ನಾನು. ಆ ಹೊತ್ತಿನ್ಯಾಗ ಆ ಇಬ್ಬರ ಜಾಗಾದಾಗ ಬ್ಯಾರೆ ಯಾರನ್ನ ಕೂಡಿಸಿದ್ರೂ ನಡೀತಿರಲಿಲ್ಲ. ನನ್ನ ಕಣ್ಣು ತುಂಬಿ ಬಂದವು, ಹೊಗಿ ಅಂತ ಹೇಳಾಕ ಹೋಗಲಿಲ್ಲ.

ಮೂರನೇ ಸಲ ಅಂಚು ಒಡದಾಗ ಹುಡುಗಿ ಕೈ ನಿಲ್ಲಿಸಿದ್ಲು. ತಲಿ ಎತ್ತಿ ಎದುರಿಗಿ ನೋಡಿದ್ಲು.

"ಅವ್ವಾ, ಹಿಟ್ಟಿಗಿ ನೀರು ಕಮ್ಮಿ ಆಗ್ಯಾದ" ಅಂದ್ಲು.

ನನ್ನ ನೆಗೆಣ್ಣಿ "ಹೌದವಾ, ಕಮ್ಮಿ ಆಗ್ಯಾದ" ಅಂದು ನೀರಿನ ತಂಬಗಿಗಿ ಕೈ ಚಾಚಿದ್ಲು. ಅತ್ತೀನ ಅದನ್ನ ಮುಂದ ಸರಿಸಿ ಕೊಟ್ರು. ಆ ದಿನದ ರೊಟ್ಟಿ ಒಂದೂ ದುಂಡಗ ಬರಲಿಲ್ಲ. ಎಲ್ಲಾನೂ ಬುಟ್ಟಿಗಿ ಹಾಕಿದ್ವಿ.